ಬಲ್ಲವರ ಭಯ

ಕಥೆ ಕೇಳಿ ಹೆದರುವವನನ್ನು ಕಂಡು ಜಾಣರು ನಗುತ್ತಾರೆ. ಎದುರಿಗೆ ನಡೆಯುತ್ತಿರುವುದು ಆಟವೆಂದು ಗೊತ್ತಿದ್ದೂ ಎದೆ ನಡುಗುವುದೇಕೆ ಎಂಬುದು ಅವರ ಪ್ರಶ್ನೆ. ಮುಂದೇನಾಗುವುದೋ ತಿಳಿಯದೆ ಮನುಷ್ಯ ಹೆದರುತ್ತಾನೆ ಎಂದು ಸಾಮಾನ್ಯವಾಗಿ ಉತ್ತರ ಹೇಳುತ್ತಾರೆ. ಈ ಉತ್ತರ ಅರ್ಧ ಮಾತ್ರ ನಿಜ. ಮುಂದೇನಾಗುವುದೆಂದು ಚೆನ್ನಾಗಿ ತಿಳಿದವನ ಭಯವೂ ಒಂದುಂಟು. ಅದು ತಿಳಿಯದವನ ಭಯಕ್ಕಿಂತ ಆಳವಾದದ್ದು.

ಮೊದಲು ದೂರದ ಉದಾಹರಣೆಯೊಂದನ್ನು ನೋಡೋಣ. ಇಂಗ್ಲೆಂಡಿನ ಬಿಬಿಸಿ ಸಂಸ್ಥೆ 1963ರ ನವೆಂಬರ್ 23ರಂದು ‘ಡಾಕ್ಟರ್ ಹೂ’ ಎಂಬ ಟೆಲಿವಿಷನ್ ಧಾರಾವಾಹಿಯನ್ನು ಆರಂಭಿಸಿತು. ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಸಂಚರಿಸುವ, ಬೇರೊಂದು ಗ್ರಹದ ಪ್ರವಾಸಿ ಅದರ ನಾಯಕ. ಪೋಲೀಸರ ದೂರವಾಣಿ ಪೆಟ್ಟಿಗೆಯಂತೆ ತೋರುವ ನೀಲಿ ಪೆಟ್ಟಿಗೆಯೇ ಅವನ ವಾಹನ. 1989ರಲ್ಲಿ ನಿಂತುಹೋದ ಈ ವಿಜ್ಞಾನ ಕಥಾಮಾಲೆ 2005ರಲ್ಲಿ ಮತ್ತೆ ಜೀವ ಪಡೆಯಿತು. ಅದರ ಅಭಿಮಾನಿಗಳಿಗೆ ನಾಯಕನ ಸಂಗತಿಯೆಲ್ಲ ಗೊತ್ತು. ಸತ್ತಂತೆ ಕಂಡರೂ ಅವನು ಬೇರೆ ರೂಪದಿಂದ ಮರಳುವನೆಂದೂ ಗೊತ್ತು. ಆದರೂ 2007ರ ಜೂನ್ 9ರಂದು ಪ್ರಸಾರವಾದ ‘ಬ್ಲಿಂಕ್’ ಎಂಬ ಕಂತು ಅವರನ್ನು ನಡುಗಿಸಿತು. ಅದರಲ್ಲಿ ರಕ್ತಪಾತವಿಲ್ಲ, ದೇವದೂತರ ಕಲ್ಲಿನ ಪ್ರತಿಮೆಗಳಿವೆ, ಅಷ್ಟೆ. ನೋಡುತ್ತಿರುವ ತನಕ ಅವು ಕಲ್ಲು. ರೆಪ್ಪೆ ಮುಚ್ಚಿದೊಡನೆ ಸಮೀಪಕ್ಕೆ ಬಂದು ನಿಲ್ಲುತ್ತವೆ. ಮರುವರ್ಷ ಆ ಕಂತಿಗೆ ವಿಜ್ಞಾನ ಕಥೆಗಳಿಗೆ ಸಲ್ಲುವ ಹ್ಯೂಗೋ ಪ್ರಶಸ್ತಿ ಬಂದಿತು. ಅಂಥ ಪ್ರತಿಮೆಗಳು ಆ ನಾಡಿನ ಉದ್ಯಾನಗಳಲ್ಲಿ, ಸ್ಮಶಾನಗಳಲ್ಲಿ ಅಪರೂಪವಲ್ಲ. ಕಂತು ಮುಗಿಯಿತು, ಪ್ರತಿಮೆ ಊರಲ್ಲಿ ಉಳಿಯಿತು. ಪ್ರೇಕ್ಷಕನ ಭಯಕ್ಕೆ ನೆಲೆ ಸಿಕ್ಕಿದ್ದು ಅಲ್ಲಿ.

ಊರಲ್ಲಿ ಉಳಿಯುವ ಭಯವೆಂದೊಡನೆ ಬೆಳಗಾವಿ ಸೀಮೆಯವರಿಗೆ ನೆನಪಾಗುವುದು ಪರದೇಶದ ಪ್ರತಿಮೆಯಲ್ಲ, ಬೈಲಹೊಂಗಲದ ಸಂಗ್ಯಾ. ‘ಸಂಗ್ಯಾ ಬಾಳ್ಯಾ’ ಸಣ್ಣಾಟದ ಕಥೆಯನ್ನು ಉತ್ತರ ಕರ್ನಾಟಕದಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಅನುಕೂಲಸ್ಥನಾದ ತರುಣ ಸಂಗ್ಯಾ. ಅವನ ಪ್ರಾಣಸ್ನೇಹಿತ ಬಾಳ್ಯಾ. ವ್ಯಾಪಾರಕ್ಕೆಂದು ಪರಸ್ಥಳಕ್ಕೆ ಹೋದ ಈರಣ್ಣ. ಮನೆಯಲ್ಲಿ ಉಳಿದ ಅವನ ಹೆಂಡತಿ ಗಂಗಿ. ಸಂಗ್ಯಾನ ಮನಸ್ಸು ಗಂಗಿಯ ಮೇಲೆ ಹೋಗುತ್ತದೆ. ಗುಟ್ಟು ಬಹಳ ದಿನ ಗುಟ್ಟಾಗಿ ಉಳಿಯುವುದಿಲ್ಲ. ಕಡೆಗೆ ಬಾಳ್ಯಾ ಸ್ನೇಹಿತನನ್ನು ಬಿಟ್ಟು ವೈರಿಗಳ ಕಡೆ ಸೇರುತ್ತಾನೆ; ಈರಣ್ಣನೂ ಅವನ ಸೋದರರೂ ಸಂಗ್ಯಾನನ್ನು ಕೊಲ್ಲುತ್ತಾರೆ.

ಇದು ಬರಿಯ ಕಲ್ಪನೆಯಲ್ಲ, 19ನೆಯ ಶತಮಾನದಲ್ಲಿ ಬೈಲಹೊಂಗಲದಲ್ಲಿ ನಡೆದ ಕೊಲೆಯೇ ಆಟವಾಯಿತೆಂಬುದು ಪರಂಪರೆಯ ಮಾತು. ಆಟವನ್ನು ಕಟ್ಟಿದವರು ಬೈಲವಾಡದ ಪತ್ತಾರ ಮಾಸ್ತರರೆಂದು ಹೇಳುತ್ತ ಬಂದಿದ್ದಾರೆ. ಸಂಗತಿಯ ಹಳಮೆಗೆ ಅಚ್ಚಿನ ಆಧಾರವೂ ಉಂಟು. ಬೊಂಬಾಯಿ ಸಿವಿಲ್ ಸರ್ವಿಸಿನ ಅಧಿಕಾರಿಯೂ ಶಾಸನತಜ್ಞರೂ ಆಗಿದ್ದ ಜೆ. ಎಫ್. ಫ್ಲೀಟರು ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ 1885ರಿಂದ ಕೆಲವು ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಹಲಗಲಿಯ ಬೇಡರ ದಂಗೆ, ಸಂಗೊಳ್ಳಿ ರಾಯಣ್ಣನ ಬಂಡಾಯ, ಸರಕಾರ ಹೇರಿದ ಆದಾಯ ತೆರಿಗೆ ಮುಂತಾದ ವಿಷಯಗಳ ನಡುವೆ ಸಂಗ್ಯಾನ ಸಾವಿನ ಲಾವಣಿಗೂ ಅಲ್ಲಿ ಸ್ಥಾನ ದೊರೆಯಿತು. ರಾಜ್ಯಗಳ ಏಳುಬೀಳಿನ ಪಕ್ಕದಲ್ಲಿಯೇ ಒಂದು ಮನೆಯ ದುರಂತ! ಲಾವಣಿಕಾರರ ದೃಷ್ಟಿಯಲ್ಲಿ ಇವೆರಡೂ ಹಾಡಿ ಉಳಿಸಿಕೊಳ್ಳಬೇಕಾದ ಸಂಗತಿಗಳೇ ಆಗಿದ್ದವು.

ಲಾವಣಿಯನ್ನು ಕಿವಿಯಿಂದ ಕೇಳಬಹುದು. ಸಣ್ಣಾಟದಲ್ಲಿ ಅದೇ ಕಥೆ ಕಣ್ಣೆದುರಿಗೆ ಬಂದು ನಿಲ್ಲುತ್ತದೆ. ದೊಡ್ಡಾಟದಂತೆ ಇಲ್ಲಿ ಕಿರೀಟ ಭುಜಕೀರ್ತಿಗಳಿಲ್ಲ, ರಾಕ್ಷಸರ ಆರ್ಭಟವಿಲ್ಲ. ಪಾತ್ರಧಾರಿಗಳು ಧೋತರ, ರುಮಾಲು ಸುತ್ತಿದ ನಮ್ಮ ಓಣಿಯ ಜನ; ಮಾತು ನಮ್ಮ ಸಂತೆಯ ಮಾತು. ದಪ್ಪು, ತಾಳ, ಹಾರ್ಮೋನಿಯಂ ಇಷ್ಟರ ಮೇಲೆ ಹಾಡು ಏರುತ್ತದೆ; ಹಿಂದೆ ನಿಂತ ಮೇಳ ಅದನ್ನು ಎತ್ತಿಕೊಳ್ಳುತ್ತದೆ. ರಾಮದುರ್ಗ 1948ರವರೆಗೆ ಬೇರೆ ಸಂಸ್ಥಾನ. ಬೈಲಹೊಂಗಲ, ಕಿತ್ತೂರು, ಸವದತ್ತಿಗಳು ಬ್ರಿಟಿಷರ ಬೆಳಗಾವಿ ಜಿಲ್ಲೆಗೆ ಸೇರಿದವು. ಆಡಳಿತದ ಗಡಿ ಬೇರೆಯಾಗಿದ್ದರೂ ಹಾಡಿಗೆ ಆ ಗಡಿ ಅಡ್ಡಬರಲಿಲ್ಲ.

ಇಂಥ ಆಟಕ್ಕೆ ಕೂತ ಪ್ರೇಕ್ಷಕ ಸುಮ್ಮನೆ ಕೂಡುವವನಲ್ಲ. ಮೆಚ್ಚಿದ ಹಾಡಿಗೆ ಒನ್ಸ್ ಮೋರ್ ಎನ್ನುತ್ತಾನೆ. ಆಟದ ನಡುವೆಯೇ ಆಯೇರಿ ಕೊಟ್ಟು ತನ್ನ ಹೆಸರು ಸಾರಿಸುತ್ತಾನೆ. ಪಾತ್ರದ ಮಾತಿಗೆ ಅಲ್ಲಿಂದಲೇ ಉತ್ತರ ಕೊಡುತ್ತಾನೆ. ಆದರೆ ಕೊಲೆಯ ಸಮಯ ಸಮೀಪಿಸಿದಂತೆ ಈ ಗದ್ದಲ ತಾನಾಗಿ ಇಳಿಯುತ್ತದೆ. ಅಷ್ಟು ಹೊತ್ತಿಗೆ ರಾತ್ರಿ ಬಹಳವಾಗಿರುತ್ತದೆ, ಸುತ್ತಲೂ ಕತ್ತಲೆ, ಮಲಗಿದ ಮಕ್ಕಳ ಮೇಲೆ ಕಂಬಳಿ. ಸಂಗ್ಯಾ ಸಾಯುವನೆಂಬುದು ಕೂತವರಲ್ಲಿ ಪ್ರತಿಯೊಬ್ಬನಿಗೂ ಗೊತ್ತು. ಅವನ ಅಜ್ಜನಿಗೂ ಗೊತ್ತಿತ್ತು. ಗೊತ್ತಿಲ್ಲದವನು ಒಬ್ಬನೇ, ಸಂಗ್ಯಾ.

ಇಲ್ಲಿಯೇ ಬಲ್ಲವರ ಭಯದ ಮರ್ಮವಿದೆ. ಬರಲಿರುವ ಸಾವನ್ನು ಬಲ್ಲವರು ಇಬ್ಬರು: ರಂಗದ ಮೇಲಿನ ಬಾಳ್ಯಾ, ಕೆಳಗೆ ಕೂತ ಜನ. ಬಾಳ್ಯಾ ಬಲ್ಲವನಾಗಿಯೂ ಹೇಳಲಿಲ್ಲ. ಪ್ರೇಕ್ಷಕನೂ ಬಲ್ಲವನಾಗಿ ಹೇಳಲಾರದೆ ಕೂತಿದ್ದಾನೆ. ಒಬ್ಬನದು ದ್ರೋಹ, ಇನ್ನೊಬ್ಬನದು ಅಸಹಾಯಕತೆ; ಆದರೆ ಆ ಕ್ಷಣದಲ್ಲಿ ಎರಡಕ್ಕೂ ಮೌನ ಒಂದೇ. ತಾನು ಬಾಳ್ಯಾನ ಜಾಗದಲ್ಲಿ ಕೂತಿರುವೆನೆಂಬ ಅಳುಕು ಪ್ರೇಕ್ಷಕನ ಒಳಗೆಲ್ಲೋ ಸುಳಿಯುತ್ತದೆ. ಭೂತಪ್ರೇತಗಳ ಕಥೆ ಹುಟ್ಟಿಸುವ ನಡುಕ ಮನೆಯ ದೀಪ ಕಂಡರೆ ಹೋಗುತ್ತದೆ; ಈ ನಡುಕ ಮನೆಗೂ ಹಿಂಬಾಲಿಸುತ್ತದೆ. ಏಕೆಂದರೆ ಎಲ್ಲರ ಬಾಳಿನಲ್ಲಿಯೂ ಗೊತ್ತಿದ್ದೂ ಹೇಳದೆ ಬಿಟ್ಟ ಮಾತು ಒಂದಾದರೂ ಇದ್ದೇ ಇರುತ್ತದೆ.

ಈ ಪ್ರದೇಶದ ಜನಕ್ಕೆ ದ್ರೋಹದ ಕಥೆ ನಾಟುವುದಕ್ಕೆ ಚರಿತ್ರೆಯ ಕಾರಣವೂ ಉಂಟು. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಥ್ಯಾಕರೆ ಬಿದ್ದನು. ಆದರೆ ವರ್ಷ ಮುಗಿಯುವುದರೊಳಗೆ ಕೋಟೆ ಕೈಬಿಟ್ಟಿತು. ಚೆನ್ನಮ್ಮ ರಾಣಿ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿಯೇ ಕಾಲವಾದಳು. ಅವಳ ಸಮಾಧಿ ಆ ಊರಲ್ಲಿಯೇ ಇದೆ. ಸಂಗೊಳ್ಳಿ ರಾಯಣ್ಣ 1830ರಲ್ಲಿ ತನ್ನವರ ಮೋಸದಿಂದ ಸೆರೆಸಿಕ್ಕು, 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದನು. ಹೊರಗಿನ ವೈರಿಗಿಂತ ಒಳಗಿನವನು ಹೆಚ್ಚು ಭಯಂಕರನೆಂಬ ಪಾಠವನ್ನು ಈ ನೆಲ ಲಾವಣಿಗಳಲ್ಲಿ ಕೇಳುತ್ತಲೇ ಬಂದಿದೆ. ಅದನ್ನು ಕೇಳಿ ಬೆಳೆದ ಕಿವಿಗೆ ಬಾಳ್ಯಾನ ಹೆಜ್ಜೆಯ ಸಪ್ಪಳ ಬೇರೆಯವರಿಗಿಂತ ಬೇಗ ಕೇಳಿಸಿದರೆ ಆಶ್ಚರ್ಯವಿಲ್ಲ.

ತಿಳಿದ ಕಥೆಯನ್ನು ಮತ್ತೆ ಅನುಭವಿಸುವ ಇನ್ನೊಂದು ರೀತಿಯನ್ನು ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಕಾಣಬಹುದು. ಹೊಸ್ತಿಲ ಹುಣ್ಣಿಮೆಯಂದು, ಜಮದಗ್ನಿಯ ಮರಣದಿಂದ ದೇವಿಗೆ ವೈಧವ್ಯ ಒದಗಿತೆಂದು, ಕಂಕಣ ತೆಗೆಯುವ ವಿಧಿ ನಡೆಯುತ್ತದೆ. ಮುಂದೆ ಅವಳು ಮತ್ತೆ ಮುತ್ತೈದೆಯಾಗುವಳೆಂಬುದು ನೆರೆದ ಭಕ್ತರಿಗೆಲ್ಲ ಗೊತ್ತು. ಗೊತ್ತಿದ್ದರೂ ಆ ದಿನದ ದುಃಖ ನಟನೆಯಲ್ಲ. ಕಥೆಯ ಕೊನೆ ಬಲ್ಲೆವೆಂದು ಯಾರೂ ನಡುವಿನ ಸಂಕಟವನ್ನು ದಾಟಿ ಹೋಗುವುದಿಲ್ಲ. ಅದರಲ್ಲಿ ತಾವೂ ಪಾಲುಗೊಂಡು ನಡೆಯುತ್ತಾರೆ.

ಹಾಗಾದರೆ ಹೆದರಿಸುವವನಿಗೆ ಹೊಣೆಯೇನೂ ಇಲ್ಲವೆ? ಈ ಪ್ರಶ್ನೆ ಇಂಗ್ಲೆಂಡಿನಲ್ಲಿಯೂ ಎದ್ದಿತು. 1976ರಲ್ಲಿ ‘ಡಾಕ್ಟರ್ ಹೂ’ ಕಥೆಯೊಂದರ ಕಂತು, ನಾಯಕನ ತಲೆಯನ್ನು ವೈರಿ ನೀರಿನಲ್ಲಿ ಅದುಮಿ ಹಿಡಿದಿರುವ ಚಿತ್ರದೊಡನೆ ಅಲ್ಲಿಗೇ ನಿಂತಿತು. ಮುಂದಿನ ಕಂತು ಬರುವುದು ವಾರದ ಮೇಲೆ. ಮೇರಿ ವೈಟ್‌ಹೌಸ್ ಎಂಬ ಮಹಿಳೆ ಇದನ್ನು ಕಟುವಾಗಿ ಆಕ್ಷೇಪಿಸಿದರು: ಎಳೆಯ ಮಗುವಿನ ಮನಸ್ಸಿನಲ್ಲಿ ವಾರವಿಡೀ ಆ ಚಿತ್ರವೇ ನಿಂತಿರುವುದಲ್ಲವೆ? ಬಿಬಿಸಿ ಕ್ಷಮೆ ಕೇಳಿತು. ಆ ದೃಶ್ಯಕ್ಕೆ ಕತ್ತರಿ ಬಿದ್ದಿತು. ಅಭಿಮಾನಿಗಳಿಗೆ ಇದು ಹಿಡಿಸಲಿಲ್ಲ. ಕಲೆಗೆ ಕತ್ತರಿ ಹಾಕುವುದು ಸರಿಯೋ ತಪ್ಪೋ, ಆ ವಾದ ಬೇರೆ. ಆದರೆ ಭಯವನ್ನು ಎಲ್ಲಿ ಬಿಟ್ಟು ಹೋಗುತ್ತೇವೆ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ.

ನಮ್ಮ ಆಟದವರು ಈ ಪ್ರಶ್ನೆಗೆ ತಮ್ಮದೇ ಉತ್ತರ ಕಂಡುಕೊಂಡಿದ್ದರು. ಆಟ ರಾತ್ರಿಯಲ್ಲಿ ಆರಂಭ, ಬೆಳಗಿಗೆ ಮುಕ್ತಾಯ. ಹೆದರಿಸಿದವರೇ ಬೆಳಕು ಹರಿಯುವ ತನಕ ಜೊತೆಗಿದ್ದು, ಮಂಗಳ ಹಾಡಿ ಜನರನ್ನು ಮನೆಗೆ ಕಳಿಸುತ್ತಿದ್ದರು. ಕೊಲೆಯಾದ ಸಂಗ್ಯಾನ ಪಾತ್ರಧಾರಿ ಚಹದ ಬಟ್ಟಲು ಹಿಡಿದು ಎದುರಿಗೆ ನಿಂತಿರುತ್ತಿದ್ದನು. ಕಥೆಯಲ್ಲಿ ಸತ್ತವನು ಊರಲ್ಲಿ ಬದುಕಿದ್ದಾನೆಂಬ ಸಮಾಧಾನ ಒಂದು. ಹಿಂದೆ ಒಬ್ಬ ನಿಜವಾಗಿಯೂ ಸತ್ತನೆಂಬ ನೆನಪು ಇನ್ನೊಂದು. ಇವೆರಡನ್ನೂ ಒಟ್ಟಿಗೆ ಹೊತ್ತು ಜನ ಹೊಲದ ದಾರಿ ಹಿಡಿಯುತ್ತಿದ್ದರು.

ಇದೇ ಜಿಲ್ಲೆಯ ಘೋಡಗೇರಿಯಲ್ಲಿ ಹುಟ್ಟಿದ ಡಾ. ಚಂದ್ರಶೇಖರ ಕಂಬಾರರು ಈ ಆಟದ ಮಹತ್ವವನ್ನು ವಿದ್ವಾಂಸರ ಗಮನಕ್ಕೆ ತಂದರು. ನಗರದ ರಂಗಭೂಮಿಯೂ ಅದನ್ನು ಆದರದಿಂದ ಸ್ವೀಕರಿಸಿತು. ಇಂದು ಅದರ ಹಾಡುಗಳು, ದೃಶ್ಯಗಳು ಯೂಟ್ಯೂಬಿನಲ್ಲಿ ಬೇಕಾದಾಗ ಸಿಗುತ್ತವೆ. ಸಿಗುವುದು ಸಂತೋಷದ ಮಾತೇ. ಆದರೆ ತುಣುಕಿನಲ್ಲಿ ಗಂಗಿಯ ಸರಸ ಸಿಗುತ್ತದೆ, ಕೊಲೆಯ ರೋಮಾಂಚ ಸಿಗುತ್ತದೆ, ಬೆಳಗು ಸಿಗುವುದಿಲ್ಲ. ರಾತ್ರಿಯಿಡೀ ಕೂತವನಿಗೆ ಗಂಗಿ ಕೇವಲ ತಪ್ಪು ಮಾಡಿದವಳಾಗಿ ಉಳಿಯುವುದಿಲ್ಲ. ಗಂಡಸರ ಸ್ನೇಹ, ಹಣ, ಮಾನಗಳ ನಡುವೆ ಸಿಕ್ಕಿಬಿದ್ದ ಹೆಣ್ಣಾಗಿಯೂ ಅವಳು ಕಾಣುತ್ತಾಳೆ. ಎರಡು ನಿಮಿಷ ನೋಡಿದವನಿಗೆ ಅವಳು ನಗೆಯ ವಸ್ತು ಮಾತ್ರ.

ಹೆದರುವುದು ದಡ್ಡತನವಲ್ಲ. ಬಲ್ಲವನಾಗಿ ಹೆದರುವವನಿಗೆ ಎದುರಿನವನ ಸಾವು ತನ್ನ ಸಂಗತಿಯಾಗಿರುತ್ತದೆ. ಸಂಗ್ಯಾನ ಸಾವಿನ ಕಥೆ ಇಷ್ಟು ಕಾಲ ಬಾಳಿದ್ದು ಅಂಥ ಪ್ರೇಕ್ಷಕರಿಂದ. ಬೆಳಗಿನ ತನಕ ಕೂಡುವ ವ್ಯವಧಾನ ಅವರಿಗಿರುವವರೆಗೆ ಸಂಗ್ಯಾನೊಡನೆ ಬಾಳ್ಯಾನ ಲೆಕ್ಕವೂ ನಡೆಯುತ್ತಿರುತ್ತದೆ.