ಊರು ಬಿಟ್ಟವರಿಗೆ ಜಾಮೀನು ಯಾರು?

ಸುಪ್ರೀಂ ಕೋರ್ಟಿನ ಹಳೆಯ ತೀರ್ಪೊಂದರಲ್ಲಿ ನಮ್ಮಂಥ ಹೊರನಾಡ ಕನ್ನಡಿಗರ ಪ್ರಸ್ತಾಪವಿದೆ ಅಂದರೆ ನಂಬ್ತೀರಾ? ಕಾವೇರಿಯದಲ್ಲ, ಗಡಿಯದೂ ಅಲ್ಲ. ಜಾಮೀನಿನ ತೀರ್ಪು. ದಿಲ್ಲಿಗೆ ಬಂದು ಮೂರು ದಶಕ ಕಳೆದ ನನಗೆ ಅದನ್ನು ಓದಿದಾಗ ಒಂದು ಕ್ಷಣ ಮೈ ಜುಮ್ಮೆಂದಿತು.

ಮಧ್ಯಪ್ರದೇಶದ ಮೋತಿರಾಮ್ ಗಾರೆ ಕೆಲಸದವನು. ಸುಪ್ರೀಂ ಕೋರ್ಟೇ ಅವನಿಗೆ ಜಾಮೀನು ಕೊಟ್ಟಿತ್ತು. ಆದರೆ ಮ್ಯಾಜಿಸ್ಟ್ರೇಟರು ಕೇಳಿದ್ದು ಹತ್ತು ಸಾವಿರ ರೂಪಾಯಿಯ ಶ್ಯೂರಿಟಿ! ಸಹೋದರ ಶ್ಯೂರಿಟಿಗೆ ನಿಂತರೆ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ, ಆಗದು ಎಂದರು. 1978ರ ಆಗಸ್ಟ್‌ನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಸಿಟ್ಟಿನಿಂದಲೇ ಕೇಳಿದರು: ಒಬ್ಬ ಮಲಯಾಳಿಯೋ ಕನ್ನಡಿಗನೋ ತಮಿಳನೋ ಬಸ್ತಾರ್‌ನಲ್ಲಿ, ಚಾಂದನಿ ಚೌಕದಲ್ಲಿ ಸಿಕ್ಕಿಬಿದ್ದರೆ ಸ್ಥಳೀಯ ಜಾಮೀನುದಾರನನ್ನು ಎಲ್ಲಿಂದ ತರಬೇಕು? ಮೋತಿರಾಮ್ ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಹೊರಬಂದ.

ಮರುವರ್ಷವೇ ಬಿಹಾರದ ಜೈಲುಗಳ ಕಥೆ ಬಯಲಾಯಿತು. ಪೊಲೀಸ್ ಅಧಿಕಾರಿ ರುಸ್ತಮ್‌ಜಿ 'ಇಂಡಿಯನ್ ಎಕ್ಸ್‌ಪ್ರೆಸ್'ನಲ್ಲಿ ಬರೆದ ಲೇಖನಗಳನ್ನು ಹಿಡಿದು ವಕೀಲೆ ಕಪಿಲಾ ಹಿಂಗೋರಾಣಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಹುಸೈನಾರಾ ಖಾತೂನ್ ಪ್ರಕರಣ. ಅಪರಾಧ ಸಾಬೀತಾಗಿದ್ದರೂ ಸಿಗದಷ್ಟು ಶಿಕ್ಷೆಯನ್ನು ವಿಚಾರಣೆಯೇ ಇಲ್ಲದೆ ಅನುಭವಿಸಿದವರು ಅಲ್ಲಿದ್ದರು. ಅಪರಾಧಕ್ಕೆ ಬಲಿಯಾದ ಹೆಂಗಸರನ್ನೂ 'ರಕ್ಷಣೆ'ಯ ಹೆಸರಲ್ಲಿ ಜೈಲಿನಲ್ಲಿಟ್ಟಿದ್ದರು! ತ್ವರಿತ ವಿಚಾರಣೆ ಮೂಲಭೂತ ಹಕ್ಕು ಎಂದು ನ್ಯಾಯಮೂರ್ತಿ ಭಗವತಿ ಸಾರಿದರು.

ಆಮೇಲೆ ಕಾನೂನೂ ಬದಲಾಯಿತು. ಗರಿಷ್ಠ ಶಿಕ್ಷೆಯ ಅರ್ಧ ಅವಧಿ ಕಳೆದ ವಿಚಾರಣಾಧೀನ ಕೈದಿಗೆ ಬಿಡುಗಡೆಯ ದಾರಿ 2006ರಲ್ಲಿ ತೆರೆಯಿತು. 2024ರ ಹೊಸ ಸಂಹಿತೆಯಲ್ಲಿ ಹಿಂದೆ ಯಾವ ಅಪರಾಧದಲ್ಲೂ ದೋಷಿಯೆಂದು ತೀರ್ಪಾಗದವನಿಗೆ ಅದು ಮೂರನೇ ಒಂದು ಭಾಗ. ಎರಡಕ್ಕೂ ಷರತ್ತುಗಳಿವೆ ಅನ್ನಿ.

ಆದರೂ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು. ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು! ಜಾಮೀನು ಸಿಕ್ಕರೂ ಬಿಡುಗಡೆಯಾಗದವರ ಬಗ್ಗೆ 2023ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹೇಳಬೇಕಾಯಿತು, ಸ್ಥಳೀಯ ಶ್ಯೂರಿಟಿಗೆ ಪಟ್ಟು ಹಿಡಿಯಬೇಡಿ ಎಂದು. ಮೋತಿರಾಮ್ ಪ್ರಕರಣವಾಗಿ ಆಗಲೇ 45 ವರ್ಷ.

ಓಡಿಹೋಗುತ್ತಾನೆಂಬ ಭಯ ಸುಳ್ಳಲ್ಲ. ದೂರು ಕೊಟ್ಟವರಿಗೂ ನ್ಯಾಯ ಬೇಕು. ಆದರೆ ಪರಿಚಯದವರಿಲ್ಲದ್ದನ್ನೇ ಅಪರಾಧ ಮಾಡಬಹುದೇ? ನಮಗೀಗ ಸಂಘ ಇದೆ, ಮನೆ ಇದೆ, ನಾಲ್ಕು ಜನ ಇದ್ದಾರೆ. ಮೊನ್ನೆ ಮೊನ್ನೆ ರೈಲಿಳಿದ ಹುಡುಗನಿಗೆ ಯಾರಿದ್ದಾರೆ? ಅವನಿಗಾಗಿ ನಮ್ಮಲ್ಲಿ ಎಷ್ಟು ಜನ ಸಹಿ ಹಾಕುತ್ತೇವೆ, ಹೇಳಿ.