ಇಪ್ಪತ್ತು ವರ್ಷದಲ್ಲಿ ಮೂರು ಸಲ ಬಿದ್ದ ಬಿದನೂರು

ಕೊಲ್ಲೂರಿನಿಂದ ಮೂಡಲಿಗೆ ಘಟ್ಟ ಹತ್ತಿ, ಕೊಡಚಾದ್ರಿಯ ಬದಿಯಿಂದ ನಿಟ್ಟೂರು ದಾಟಿ ಮುಂದೆ ಹೋದರೆ ನಗರ ಸಿಗುತ್ತದೆ. ಹಿಂದಿನ ಬಿದನೂರು ಇದೇ. 1637ರಲ್ಲಿ ಬಿಜಾಪುರದ ದಂಡು ಇಕ್ಕೇರಿಯನ್ನು ಸೂರೆ ಮಾಡಿದ ಮೇಲೆ ಕೆಳದಿಯ ವೀರಭದ್ರ ನಾಯಕ ರಾಜಧಾನಿಯನ್ನು ಇಲ್ಲಿಗೆ ತಂದ. ಸುತ್ತ ದಟ್ಟ ಕಾಡು, ಸಾಲುಗುಡ್ಡ, ವರ್ಷದ ನಾಲ್ಕು ತಿಂಗಳು ಬಿಡದ ಮಳೆ. ಬಯಲುಸೀಮೆಯ ಕುದುರೆ ದಂಡು ಸಲೀಸಾಗಿ ನುಗ್ಗುವಂಥ ಜಾಗವಲ್ಲ. ಘಟ್ಟದ ಕೆಳಗೆ ಬಸರೂರು, ಗಂಗೊಳ್ಳಿ ಬಂದರುಗಳಲ್ಲಿ ಅಕ್ಕಿ ಹಡಗು ಹತ್ತುತ್ತಿತ್ತು. ಕೊಲ್ಲೂರಿನ ಮೂಕಾಂಬಿಕೆಗೆ ಈ ಅರಸರು ತಲೆಮಾರುಗಟ್ಟಲೆ ನಡೆದುಕೊಂಡರು. ಇಷ್ಟು ಭದ್ರವಾದ ರಾಜಧಾನಿ 1763ರಿಂದ 1783ರೊಳಗೆ ಮೂರು ಸಲ ಕೈ ಬದಲಾಯಿಸಿತು. ಮೂರು ಸಲವೂ ಕೋಟೆಗಿಂತ ಮೊದಲು ಮುರಿದದ್ದು ಆಳುವವರ ಮೇಲಿನ ನಂಬಿಕೆ.

ಆ ನಂಬಿಕೆ ಬೆಳೆದ ಬಗೆ ತಿಳಿಯಲು ಶಿವಪ್ಪ ನಾಯಕನ ಕಾಲಕ್ಕೆ (1645–1660) ಹೋಗಬೇಕು. ಬಸರೂರು, ಗಂಗೊಳ್ಳಿ, ಹೊನ್ನಾವರಗಳಿಂದ ಪೋರ್ಚುಗೀಸರನ್ನು ಹೊರದಬ್ಬಿದವನು ಅವನು. ಆದರೆ ಮಲೆನಾಡಿನ ಜನ ಅವನನ್ನು ನೆನೆಯುವುದು ಹೆಚ್ಚಾಗಿ ‘ಶಿಸ್ತಿ’ಗಾಗಿ, ಅಂದರೆ ಭೂಕಂದಾಯದ ಕಟ್ಟಳೆಗಾಗಿ. ಭೂಮಿಯನ್ನು ಮಣ್ಣಿನ ಗುಣ ನೋಡಿ ಐದು ತರಗತಿಯಾಗಿ ವಿಂಗಡಿಸಲಾಯಿತು. ಒಂದೊಂದು ತರಗತಿಯ ಒಂದೊಂದು ಗದ್ದೆಯನ್ನು ಅರಸನ ಲೆಕ್ಕದಲ್ಲಿಯೇ ಹನ್ನೆರಡು ವರ್ಷ ಬೇಸಾಯ ಮಾಡಿಸಿ, ಬಿತ್ತಿದ ಬೀಜವೆಷ್ಟು, ಆದ ಖರ್ಚೆಷ್ಟು, ಬಂದ ಬೆಳೆ ಎಷ್ಟು, ಅದಕ್ಕೆ ಸಿಕ್ಕ ಬೆಲೆ ಎಷ್ಟು ಎಂದು ಬರೆದಿಡಲಾಯಿತು ಎಂದು ಮೈಸೂರು ಗೆಜೆಟಿಯರ್ ಹೇಳುತ್ತದೆ. ಆ ಸರಾಸರಿಯ ಮೇಲೆ ಉತ್ಪತ್ತಿಯ ಮೂರನೆಯ ಒಂದು ಪಾಲು ಅರಮನೆಗೆ ಎಂದು ಗೊತ್ತಾಯಿತು. ಅಡಿಕೆ ತೋಟಕ್ಕೆ ಮರದ ಎಣಿಕೆಯ ಲೆಕ್ಕ. ತೆರಿಗೆ ಹಗುರವಾಗಿತ್ತು ಎನ್ನುವಂತಿಲ್ಲ. ಆದರೆ ಎಷ್ಟು ಕೊಡಬೇಕೆಂಬುದು ರೈತನಿಗೆ ಮೊದಲೇ ಗೊತ್ತಿತ್ತು. ವಸೂಲಿಗೆ ಬಂದವನು ಬಾಯಿಗೆ ಬಂದಷ್ಟು ಕೇಳುವಂತಿರಲಿಲ್ಲ. ಆಳುವವನೇ ಗದ್ದೆಯ ಖರ್ಚನ್ನು ಹನ್ನೆರಡು ವರ್ಷ ಕಾದು ಅರಿತುಕೊಂಡ ಈ ತಾಳ್ಮೆ ಅವನ ಕೋಟೆ, ಅರಮನೆಗಳಿಗಿಂತ ದೊಡ್ಡ ಸಾಧನೆ.

ಅವನ ಮಗ ಸೋಮಶೇಖರ ನಾಯಕ ಅರಮನೆಯ ಒಳಸಂಚಿನವರ ಕೈಗೆ ಸಿಕ್ಕಿ, ರಾಜ್ಯಭಾರ ಮರೆತು, 1671ರಲ್ಲಿ ಕೊಲೆಯಾದ. ಸಂಸ್ಥಾನ ಅಂದೇ ಕುಸಿಯಬಹುದಿತ್ತು. ಅವನ ರಾಣಿ ಚೆನ್ನಮ್ಮಾಜಿ ಪಟ್ಟವೇರಿ ಕಾಲು ಶತಮಾನ ಆಳಿದಳು. 1689ರಲ್ಲಿ ಮೊಗಲರಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ದಾರಿ ಕೊಟ್ಟರೆ ಔರಂಗಜೇಬನ ಸೇನೆ ಮೇಲೆ ಬೀಳುವುದು ಖಚಿತವಾಗಿತ್ತು. ತಿಳಿದೂ ಆಶ್ರಯ ಕೊಟ್ಟಳು, ಬಂದ ಸೇನೆಯನ್ನು ಎದುರಿಸಿದಳು. ಅವಳ ದತ್ತುಮಗ ಬಸವಪ್ಪ ನಾಯಕ 1709ರಲ್ಲಿ ‘ಶಿವತತ್ತ್ವ ರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶವನ್ನೇ ರಚಿಸಿದ, ರಾಜನೀತಿಯೂ ಅದರಲ್ಲಿದೆ. ಅರ್ಧ ಶತಮಾನದೊಳಗೆ ಆ ಮನೆತನಕ್ಕೇ ಅದು ಉಪಯೋಗಕ್ಕೆ ಬರಲಿಲ್ಲ.

1757ರಲ್ಲಿ ಚಿಕ್ಕ ವಯಸ್ಸಿನ ಅರಸ ಚೆನ್ನಬಸವಪ್ಪ ತೀರಿಕೊಂಡ. ಅಧಿಕಾರ ರಾಣಿ ವೀರಮ್ಮಾಜಿಯ ಕೈಗೆ ಬಂತು. ಹುಡುಗನನ್ನು ಅವಳೇ ಕೊಲ್ಲಿಸಿದಳೆಂಬ ಮಾತು ನಾಡೆಲ್ಲ ಹರಡಿತು. ನಿಜವೋ ಸುಳ್ಳೋ, ಅದನ್ನು ಅಳಿಸಿಹಾಕುವಂಥ ಆಡಳಿತವನ್ನು ಅವಳು ಕೊಡಲಿಲ್ಲ. 1763ರ ಆರಂಭದಲ್ಲಿ ಮೈಸೂರಿನ ಹೈದರಾಲಿ ದಂಡೆತ್ತಿ ಬಂದಾಗ ಅವನ ಜೊತೆ ‘ನಾನೇ ಚೆನ್ನಬಸವಪ್ಪ’ ಎನ್ನುವ ಒಬ್ಬ ತರುಣನಿದ್ದ. ಅವನು ಸೋಗಿನವನೇ ಇರಬೇಕು. ಆದರೂ ನಂಬಲು ಜನ ಸಿದ್ಧರಿದ್ದರು. ಹಿಂದಿನ ಅರಸನ ಪ್ರಧಾನಿ ಲಿಂಗಣ್ಣ ಕುಂಸಿಯಲ್ಲಿ ಸೆರೆಯಲ್ಲಿದ್ದ. ಕಾಡಿನೊಳಗಿನ ಗುಟ್ಟಿನ ದಾರಿಯನ್ನು ಹೈದರನಿಗೆ ತೋರಿಸಿದವನು ಅವನೇ ಎಂದು ಚರಿತ್ರೆಕಾರ ವಿಲ್ಕ್ಸ್ ಬರೆದಿದ್ದಾನೆ. ರಾಣಿ ಮೊದಲು ಒಂದು ಲಕ್ಷ ವರಹ ಕೊಡುತ್ತೇನೆಂದಳು; ಕೊನೆಗೆ ಹದಿನೆಂಟು ಲಕ್ಷದವರೆಗೂ ಏರಿಸಿದಳು. ಹೈದರ್ ನಿಲ್ಲಲಿಲ್ಲ. ಅರಮನೆಗೆ ಬೆಂಕಿ ಇಡಿಸಿ ಅವಳು ಬಲ್ಲಾಳರಾಯನ ದುರ್ಗಕ್ಕೆ ಓಡಿದಳು, ಸಿಕ್ಕಿಬಿದ್ದು ಮಧುಗಿರಿಯ ಕೋಟೆಯಲ್ಲಿ ಸೆರೆಯಾದಳು. ಬೊಕ್ಕಸ ತುಂಬಿತ್ತು, ಕಾಡು ಮೊದಲಿನಂತೆಯೇ ಇತ್ತು. ಕಾಡಿನ ದಾರಿ ಬಲ್ಲವನನ್ನು ಅವಳು ಸೆರೆಯಲ್ಲಿಟ್ಟಿದ್ದಳು.

ಎರಡನೆಯ ಪತನ ಹೈದರ್ ಸತ್ತ ಮರುತಿಂಗಳೇ ಆಯಿತು. 1783ರ ಜನವರಿಯಲ್ಲಿ ಬೊಂಬಾಯಿ ಸೇನೆಯ ಜನರಲ್ ಮ್ಯಾಥ್ಯೂಸ್ ಕುಂದಾಪುರದಲ್ಲಿ ಇಳಿದು, ಕೊಲ್ಲೂರಿಗೆ ತೆಂಕಣದ ಹೊಸಂಗಡಿ ಘಟ್ಟವನ್ನು ಹೊಡೆದಾಡಿ ಹತ್ತಿದ. ಬಿದನೂರಿನಲ್ಲಿದ್ದವನು ಹೈದರನ ಅಚ್ಚುಮೆಚ್ಚಿನ ಅಧಿಕಾರಿ ಶೇಖ್ ಅಯಾಜ್. ಹೈದರನ ಮಗ ಟಿಪ್ಪುವಿಗೆ ಅವನನ್ನು ಕಂಡರಾಗದು. ತನ್ನನ್ನು ಮುಗಿಸುವ ಆಜ್ಞೆ ಹೊರಟಿದೆ ಎಂದು ತಿಳಿದ ಅಯಾಜ್ ಕೋಟೆಯನ್ನು ಕಾಳಗವಿಲ್ಲದೆ ಇಂಗ್ಲಿಷರಿಗೆ ಒಪ್ಪಿಸಿದ. ಒಳ್ಳೆಯ ಅಧಿಕಾರಿಯನ್ನು ಹಳೆಯ ಹಗೆಯಿಂದ ಕಾಣುವ ಒಡೆಯ ಅವನನ್ನು ತಾನೇ ವೈರಿಯ ಪಾಳೆಯಕ್ಕೆ ತಳ್ಳುತ್ತಾನೆ. ಟಿಪ್ಪುವಿನಂಥ ಸಮರ್ಥನೂ ಇಲ್ಲಿ ಎಡವಿದ.

ಗೆದ್ದ ಮ್ಯಾಥ್ಯೂಸ್ ಕೋಟೆಯನ್ನು ಸುಮಾರು ಮೂರು ತಿಂಗಳಷ್ಟೇ ಉಳಿಸಿಕೊಂಡ. ಬಿದನೂರಿನಲ್ಲಿ ಸಿಕ್ಕ ಹಣದಲ್ಲಿ ಪಾಲು ಕೇಳಿದ ಸೇನೆಗೆ ಅವನು ಕೊಡಲಿಲ್ಲ; ಸಿಪಾಯಿಗಳ ಸಂಬಳವೂ ಬಾಕಿ ಬಿದ್ದಿತ್ತು. ಹಣವನ್ನು ತಾನೇ ನುಂಗಿದನೆಂಬ ಗುಮಾನಿ ದಂಡಿನ ತುಂಬ ಹಬ್ಬಿತು. ಹಿರಿಯ ಅಧಿಕಾರಿಗಳು ಜಗಳವಾಡಿ, ಬೊಂಬಾಯಿಗೆ ಹೋಗಿ ದೂರು ಕೊಟ್ಟರು. ಅಲ್ಲಿನ ಸರ್ಕಾರ ಅವನನ್ನು ಸೇನಾಧಿಪತ್ಯದಿಂದ ತೆಗೆದುಹಾಕಿತು. ಇತ್ತ ಅವನು ಇದ್ದ ಸೈನ್ಯವನ್ನು ಅಲ್ಲಲ್ಲಿನ ಠಾಣೆಗಳಿಗೆ ಹಂಚಿ ತೆಳುವಾಗಿಸಿದ್ದ. ಏಪ್ರಿಲ್‌ನಲ್ಲಿ ಟಿಪ್ಪು ದೊಡ್ಡ ದಂಡಿನೊಡನೆ ಬಂದು, ಘಟ್ಟದ ದಾರಿಗಳನ್ನು ಕಟ್ಟಿ, ಊರನ್ನು ಮುತ್ತಿದ. ತಿಂಗಳು ಮುಗಿಯುವ ಹೊತ್ತಿಗೆ ಮ್ಯಾಥ್ಯೂಸ್ ಶರಣಾದ. ಬೊಕ್ಕಸವನ್ನು ಇದ್ದಂತೆ ಒಪ್ಪಿಸಬೇಕೆಂಬುದು ಕರಾರು. ಹೊರಡುವ ಮುನ್ನ ಅದೇ ಹಣವನ್ನು ಸೈನಿಕರಿಗೆ ಹಂಚಲಾಗಿತ್ತು. ಬೊಕ್ಕಸ ಬರಿದಾದದ್ದು ಕಂಡು ಟಿಪ್ಪು ಎಲ್ಲರನ್ನೂ ಸೆರೆಹಿಡಿದ. ಮ್ಯಾಥ್ಯೂಸ್ ಅದೇ ವರ್ಷ ಶ್ರೀರಂಗಪಟ್ಟಣದ ಬಂದೀಖಾನೆಯಲ್ಲಿ ಸತ್ತ. ಎರಡು ತಿಂಗಳು ಮೊದಲೇ ಹಂಚಿದ್ದರೆ ಸೇನೆಯನ್ನು ಒಟ್ಟಿಗಿಡುತ್ತಿದ್ದ ಹಣ ಅದು.

1799ರಲ್ಲಿ ಟಿಪ್ಪು ಮಡಿದ ಮೇಲೆ ನಗರ ಮೈಸೂರು ಸಂಸ್ಥಾನಕ್ಕೆ ಉಳಿಯಿತು. ಕೊಲ್ಲೂರು, ಬೈಂದೂರು, ಕುಂದಾಪುರಗಳು ಕೆನರಾ ಜಿಲ್ಲೆಗೆ ಸೇರಿ ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಗೆ ಹೋದವು. ಒಂದೇ ಅರಸೊತ್ತಿಗೆಯಲ್ಲಿದ್ದ ಘಟ್ಟದ ಮೇಲಣ, ಕೆಳಗಣ ಊರುಗಳು ಬೇರೆ ಬೇರೆ ಆಡಳಿತದಲ್ಲಿ ಒಂದೂವರೆ ಶತಮಾನ ಕಳೆದು, 1956ರ ನವೆಂಬರ್ 1ರಂದು ಮತ್ತೆ ಒಂದೇ ರಾಜ್ಯದೊಳಗೆ ಬಂದವು.