ದಿಂಡಿಗಲ್ ಕೋಟೆ ಮತ್ತು ಹಳೆ ಪೇಟೆ: ಗೈಡ್ ಜೊತೆ ನಡೆದು ನೋಡುವವರಿಗೆ

ಕಂಬಂ, ಉತ್ತಮಪಾಳಯಂ, ಚಿನ್ನಮನೂರು ಕಡೆಯಿಂದ ತಿರುಚ್ಚಿಗೋ ಚೆನ್ನೈಗೋ ಬಸ್ಸಿನಲ್ಲಿ ಹೋಗುವವರು ದಿಂಡಿಗಲ್ ಬೆಟ್ಟವನ್ನು ಕಿಟಕಿಯಿಂದ ನೋಡಿಯೇ ಇರುತ್ತಾರೆ. ಮರಗಿಡವಿಲ್ಲದ ಬೋಳು ಬಂಡೆ, ಅದರ ನೆತ್ತಿಯಲ್ಲಿ ಗೋಡೆ. ತಮಿಳಿನಲ್ಲಿ ತಿಂಡು ಎಂದರೆ ಒರಗುದಿಂಬು. ದಿಂಬಿನ ಆಕಾರದ ಕಲ್ಲು ಎಂಬುದರಿಂದಲೇ ಊರಿಗೆ ಈ ಹೆಸರು ಬಂತು ಎನ್ನುತ್ತಾರೆ. ನೋಡಿದವರು ಸಾವಿರ, ಹತ್ತಿದವರು ಕಡಿಮೆ. ಹತ್ತಿದವರಲ್ಲಿಯೂ ಹಲವರು ಮೇಲೆ ಗಾಳಿ ಕುಡಿದು, ಫೋಟೋ ತೆಗೆಸಿಕೊಂಡು ಇಳಿದು ಬಂದಿರುತ್ತಾರೆ.

ಮನೆಯಲ್ಲಿ ಕನ್ನಡ, ಹೊರಗೆ ತಮಿಳು ಎಂದು ಬಾಳುವ ನಮಗೆ ಈ ಬೆಟ್ಟದಲ್ಲಿ ಇನ್ನೂ ಒಂದು ವಿಷಯವಿದೆ. 1745ರಲ್ಲಿ ಮೈಸೂರಿನ ಸೇನೆ ದಿಂಡಿಗಲ್ಲನ್ನು ಹಿಡಿಯಿತು. ನಡುವೆ ಎರಡು ಸಲ ಇಂಗ್ಲಿಷರ ಕೈಗೆ ಹೋಗಿ ಬಂದರೂ 1790ರ ತನಕ ಕೋಟೆ ಹೆಚ್ಚುಕಡಿಮೆ ಮೈಸೂರಿನವರದೇ ಆಗಿತ್ತು. ಆ ನಲವತ್ತೈದು ವರ್ಷಗಳ ಕಥೆಯನ್ನು ಹೇಳುವ ಫಲಕ ಅಲ್ಲಿ ಎಷ್ಟಿದ್ದರೂ ಸಾಲದು. ಹೇಳುವ ಮನುಷ್ಯ ಬೇಕು. ಒಂದು ಕುಟುಂಬವೋ ನಾಲ್ಕೈದು ಜನರ ಗುಂಪೋ ಸೇರಿ ತಮಗಾಗಿಯೇ ಒಬ್ಬ ಗೈಡನ್ನು ಗೊತ್ತುಮಾಡಿಕೊಂಡು ಕೋಟೆ ಮತ್ತು ಹಳೆ ಪೇಟೆಯನ್ನು ಕಾಲ್ನಡಿಗೆಯಲ್ಲಿ ನೋಡುವುದು ಹೇಗೆ, ಏನನ್ನು ಕೇಳಬೇಕು, ಯಾವ ಮಾತನ್ನು ಎಷ್ಟು ನಂಬಬೇಕು ಎಂಬ ಮಾಹಿತಿ ಇಲ್ಲಿದೆ.

ಗೈಡ್ ಗೊತ್ತುಮಾಡುವ ಮೊದಲು

ಹಂಪಿಯಲ್ಲೋ ಮಧುರೆ ಮೀನಾಕ್ಷಿ ಗುಡಿಯಲ್ಲೋ ಸಿಗುವಂತೆ ಇಲ್ಲಿ ಬಾಗಿಲಲ್ಲೇ ಗೈಡುಗಳು ಕಾದಿರುತ್ತಾರೆ ಎಂದು ನಂಬಿ ಹೋಗಬೇಡಿ. ಮೊದಲೇ ಮಾತಾಡಿ ಬರಹೇಳುವುದು ಒಳ್ಳೆಯದು. ಸರ್ಕಾರದ ಪರವಾನಗಿ ಇರುವ ಗೈಡ್ ಆದರೆ ಗುರುತಿನ ಚೀಟಿ ಇರುತ್ತದೆ, ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಮಧುರೆಯಿಂದ ಕರೆಸಿದರೆ ಅವರ ಪ್ರಯಾಣ, ಊಟದ ಖರ್ಚು ಯಾರದು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ಊರಿನ ನಿವೃತ್ತ ಮೇಷ್ಟರು, ಕಾಲೇಜಿನ ಇತಿಹಾಸ ಅಧ್ಯಾಪಕರು ಸಿಕ್ಕಿದರೆ ಇನ್ನೂ ಚೆನ್ನ. ಅವರು ದುಡ್ಡು ಬೇಡ ಎಂದರೂ ಬರಿಗೈಯಲ್ಲಿ ಕಳಿಸಬೇಡಿ.

ಮಾತು ಮುಗಿಸುವಾಗ ದರ ತಲೆಗೆ ಇಷ್ಟೋ ಗುಂಪಿಗೆ ಇಷ್ಟೋ ಎಂಬುದನ್ನು ಬಿಡಿಸಿ ಕೇಳಬೇಕು. ಎಷ್ಟು ಗಂಟೆ, ಕೋಟೆ ಮಾತ್ರವೋ ಪೇಟೆಯೂ ಸೇರಿದೆಯೋ, ಪ್ರವೇಶದ ಟಿಕೆಟ್ ಯಾರು ಕೊಳ್ಳುವುದು ಎಂಬುದನ್ನೂ ಕೇಳಿ. ಪೂರ್ತಿ ಹಣವನ್ನು ಮುಂಚೆ ಕಳಿಸಬೇಡಿ, ಸ್ವಲ್ಪ ಮುಂಗಡ ಕೊಟ್ಟರೆ ಸಾಕು. 'ನಾನು ಕರೆದುಕೊಂಡು ಹೋಗುವ ಅಂಗಡಿಯಲ್ಲೇ ಕೊಳ್ಳಬೇಕು' ಎಂಬ ಗೈಡು ಯಾವ ಊರಿನಲ್ಲಿಯೂ ಇರುತ್ತಾನೆ. ಅಂಗಡಿಗೆ ಹೋಗುವುದು ಬಿಡುವುದು ನಮ್ಮ ಇಷ್ಟ ಎಂದು ಮೊದಲೇ ಹೇಳಿದರೆ ಆಮೇಲೆ ಮುಖ ಕೆಡಿಸಿಕೊಳ್ಳುವ ಪ್ರಮೇಯವಿಲ್ಲ.

ಭಾಷೆಯ ವಿಷಯ ನಮಗೆ ತೊಂದರೆಯಲ್ಲ. ಗೈಡ್ ತಮಿಳಿನಲ್ಲೇ ಹೇಳಲಿ. ಆದರೆ ಬೆಂಗಳೂರಿನಿಂದಲೋ ಮೈಸೂರಿನಿಂದಲೋ ನೆಂಟರು ಬಂದಿದ್ದರೆ, ಅವರಿಗೆ ಕನ್ನಡದಲ್ಲಿ ಹೇಳುವವರು ನೀವೇ. ಗೈಡ್ ಒಂದು ಮಾತು ಮುಗಿಸಿ ನಿಲ್ಲಬೇಕು, ನೀವು ಕನ್ನಡದಲ್ಲಿ ಹೇಳಿದ ಮೇಲೆ ಮುಂದುವರಿಯಬೇಕು ಎಂದು ತಿಳಿಸಿ. ಹೀಗೆ ಮಾಡಿದರೆ ಎರಡು ಗಂಟೆಯ ನಡಿಗೆಗೆ ಮೂರು ಗಂಟೆ ಹಿಡಿಯುತ್ತದೆ. ದರ ಮಾತಾಡುವಾಗ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಬೆಟ್ಟದ ಮೇಲೆ

ಕೋಟೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ವಶದಲ್ಲಿದೆ. ಟಿಕೆಟ್ ಇದೆ. ಬಾಗಿಲು ತೆರೆಯುವ ಹೊತ್ತನ್ನು ಗೈಡಿನಿಂದ ತಿಳಿದುಕೊಂಡು, ತೆರೆದ ಕೂಡಲೇ ಹತ್ತುವುದು ಜಾಣತನ. ಹತ್ತೂವರೆ ಹನ್ನೊಂದು ದಾಟಿದರೆ ಬಂಡೆ ಕಾದು ಹೆಂಚಿನಂತಾಗುತ್ತದೆ. ಮೆಟ್ಟಿಲುಗಳನ್ನು ಬಂಡೆಯಲ್ಲೇ ಕಡಿದಿದ್ದಾರೆ, ಹೆಚ್ಚು ಕಡಿದಾಗಿಲ್ಲ. ನಿಧಾನಕ್ಕೆ ಹತ್ತಿದರೆ ಅರವತ್ತು ದಾಟಿದವರೂ ಹತ್ತಬಹುದು. ನೀರು ಕೆಳಗಿನಿಂದಲೇ ಒಯ್ಯಿರಿ. ಮಳೆ ಬಂದ ಮರುದಿನ ಬಂಡೆ ಜಾರುತ್ತದೆ, ಮಕ್ಕಳ ಕೈ ಬಿಡಬಾರದು.

ಟಿಪ್ಪು ಕಟ್ಟಿಸಿದ ಕೋಟೆ ಎಂದು ಹೇಳುವವರು ತುಂಬ ಜನ. ಅದು ಸರಿಯಲ್ಲ. 17ನೇ ಶತಮಾನದ ಆರಂಭದಲ್ಲಿ ಕೋಟೆ ಕಟ್ಟಲು ತೊಡಗಿದವರು ಮಧುರೆಯ ನಾಯಕರು. ತಿರುಮಲ ನಾಯಕನ ಕಾಲದಲ್ಲಿ (1623-1659) ಅದು ಇನ್ನಷ್ಟು ಬಲವಾಯಿತು. ಮಧುರೆಗೆ ವಾಯವ್ಯದಿಂದ ಬರುವ ದಂಡನ್ನು ಇಲ್ಲಿಯೇ ತಡೆಯಬಹುದಿತ್ತು. ಕೊಂಗುನಾಡಿನ ಕಡೆಯಿಂದ ಬರುವವನಿಗೆ ಇದು ಮಧುರೆಯ ಹೆಬ್ಬಾಗಿಲು. ಮೈಸೂರಿನವರು ಇದರ ಮೇಲೆ ಕಣ್ಣಿಟ್ಟದ್ದೂ ಅದೇ ಕಾರಣಕ್ಕೆ. ಫಿರಂಗಿ, ಮದ್ದಿನ ಮನೆ, ಸೈನಿಕರು ಇರುತ್ತಿದ್ದ ಕೋಣೆಗಳು, ಕೈದಿಗಳನ್ನು ಇಟ್ಟಿದ್ದರು ಎನ್ನುವ ಕತ್ತಲೆ ಕೋಣೆಗಳು, ಮಳೆನೀರು ನಿಲ್ಲುವ ಬಂಡೆಯ ಹೊಂಡಗಳು ಮೇಲೆ ಕಾಣಸಿಗುತ್ತವೆ. ಹೊಂಡಗಳ ಮುಂದೆ ಸ್ವಲ್ಪ ನಿಲ್ಲಿ. ಮುತ್ತಿಗೆ ಬಿದ್ದಾಗ ಕೋಟೆ ಎಷ್ಟು ದಿನ ತಡೆಯುತ್ತದೆ ಎಂಬುದನ್ನು ಗೋಡೆಯ ದಪ್ಪಕ್ಕಿಂತ ಹೆಚ್ಚಾಗಿ ತೀರ್ಮಾನಿಸುತ್ತಿದ್ದುದು ಈ ನೀರು.

ಇಲ್ಲಿ ಕೇಳಲೇಬೇಕಾದ ಕಥೆ ಹೈದರಾಲಿಯದು. 1755ರಲ್ಲಿ ಅವನು ಮೈಸೂರು ಅರಸರ ಕೈಕೆಳಗಿನ ಒಬ್ಬ ಸೇನಾನಾಯಕ, ಅಷ್ಟೇ. ಸುತ್ತಲಿನ ಪಾಳೆಯಗಾರರನ್ನು ಹದ್ದಿನಲ್ಲಿಡಲು ಅವನನ್ನು ದಿಂಡಿಗಲ್ಲಿನ ಫೌಜುದಾರನನ್ನಾಗಿ ಕಳಿಸಿದರು. ಆರು ವರ್ಷಗಳ ಬಳಿಕ, 1761ರಲ್ಲಿ, ಮೈಸೂರಿನ ಅಧಿಕಾರವೇ ಅವನ ಕೈಯಲ್ಲಿತ್ತು. ಆ ಆರು ವರ್ಷಗಳಲ್ಲಿ ಏನಾಯಿತು ಎಂಬುದಕ್ಕೆ ಉತ್ತರದ ಒಂದು ದೊಡ್ಡ ಭಾಗ ಈ ಊರಿನಲ್ಲಿದೆ. ಪಾಳೆಯಗಾರರಿಂದ ಬಂದ ಹಣ, ದನಕರು, ತನಗೇ ನಿಷ್ಠರಾದ ಸಿಪಾಯಿಗಳು, ಫ್ರೆಂಚ್ ಕುಶಲಕರ್ಮಿಗಳನ್ನು ಇಟ್ಟುಕೊಂಡು ಬೆಳೆಸಿದ ಫಿರಂಗಿ ಮತ್ತು ಆಯುಧಗಳ ಕೆಲಸ, ಎಲ್ಲವೂ ಇಲ್ಲಿ ಕೂಡಿಬಂದವು. ಓದುಬರಹ ಬಾರದ ಅವನ ಪರವಾಗಿ ಲೆಕ್ಕಪತ್ರ ನೋಡುತ್ತಿದ್ದವನು ಖಂಡೇರಾಯ. ಮುಂದೆ ಅದೇ ಖಂಡೇರಾಯ ಅವನಿಗೆ ತಿರುಗಿ ಬಿದ್ದದ್ದು ಬೇರೆ ಕಥೆ.

ಮೈಸೂರಿನ ಇತಿಹಾಸ ಬರೆದ ವಿಲ್ಕ್ಸ್ ಒಂದು ಪ್ರಸಂಗವನ್ನು ದಾಖಲಿಸಿದ್ದಾನೆ. ಯುದ್ಧದಲ್ಲಿ ಗಾಯಗೊಂಡ ಸಿಪಾಯಿಗಳಿಗೆ ಶ್ರೀರಂಗಪಟ್ಟಣದಿಂದ ಭತ್ಯೆ ಬರುತ್ತಿತ್ತು. ತನಿಖೆಗೆ ಅಧಿಕಾರಿ ಬಂದಾಗ ನಿಜವಾದ ಗಾಯಾಳುಗಳ ಹತ್ತು ಪಟ್ಟು ಮಂದಿಗೆ ಅರಿಸಿನದಲ್ಲಿ ನೆನೆಸಿದ ಬಟ್ಟೆ ಕಟ್ಟಿಸಿ ಹೈದರ್ ತೋರಿಸಿದನಂತೆ. ವಿಲ್ಕ್ಸ್ ಇಂಗ್ಲಿಷರ ಸೇನಾಧಿಕಾರಿ, ಹೈದರನ ಶತ್ರುಪಕ್ಷದವನು ಎಂಬುದನ್ನೂ ನೆನಪಿಡಬೇಕು. ಗೈಡ್ ಈ ಕಥೆ ಹೇಳಿದರೆ ನಕ್ಕು ಕೇಳಿ. ಹೇಳದಿದ್ದರೆ ನೀವೇ ಎತ್ತಿ, ಅವರು ಏನು ಹೇಳುತ್ತಾರೆ ನೋಡಿ. ಗೈಡಿನ ಓದು ಎಷ್ಟು ಎಂಬುದು ಅಲ್ಲಿಯೇ ಗೊತ್ತಾಗುತ್ತದೆ.

ಕೋಟೆ ಕೈ ಬದಲಾದ ವರ್ಷಗಳನ್ನು ಮಕ್ಕಳಿಗೆ ಬರೆದುಕೊಳ್ಳಲು ಹೇಳಿ. 1767ರಲ್ಲಿ ಇಂಗ್ಲಿಷರು ಹಿಡಿದರು, 1768ರಲ್ಲಿ ಹೈದರ್ ಮರಳಿ ಪಡೆದ. 1783ರಲ್ಲಿ ಮತ್ತೆ ಇಂಗ್ಲಿಷರು, 1784ರ ಮಂಗಳೂರು ಒಪ್ಪಂದದಂತೆ ಮತ್ತೆ ಟಿಪ್ಪು. 1790ರ ಆಗಸ್ಟಿನಲ್ಲಿ ಕೊನೆಯ ಸಲ ಬಿತ್ತು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಬಿಟ್ಟುಕೊಟ್ಟ ಸೀಮೆಗಳಲ್ಲಿ ದಿಂಡಿಗಲ್ಲೂ ಸೇರಿ ಕಂಪನಿಯ ಪಾಲಾಯಿತು.

ಎರಡು ಬಗೆಯಲ್ಲಿ ಹೇಳುವ ಕಥೆಗಳು

ನೆತ್ತಿಯಲ್ಲಿ ಒಂದು ಕಲ್ಲಿನ ಗುಡಿಯಿದೆ, ಒಳಗೆ ಮೂರ್ತಿಯಿಲ್ಲ. ಅಲ್ಲಿದ್ದ ದೇವರು ಈಗ ಪೇಟೆಯ ಅಭಿರಾಮಿ ಅಮ್ಮನ ಗುಡಿಯಲ್ಲಿದೆ ಎಂದು ಊರಿನವರು ಹೇಳುತ್ತಾರೆ. ಯಾಕೆ ಇಳಿಸಿದರು? ಕೋಟೆಯೊಳಗೆ ಭಕ್ತರ ಹೆಸರಿನಲ್ಲಿ ಯಾರು ಯಾರೋ ಬರುವುದು ಅಪಾಯ ಎಂದು ಮೈಸೂರಿನ ಅಧಿಕಾರಿಗಳು ಕೆಳಗೆ ಸಾಗಿಸಿದರು ಎಂಬುದು ಒಂದು ಮಾತು. ಧರ್ಮದ್ವೇಷದಿಂದ ಎಂಬುದು ಇನ್ನೊಂದು. ಅದೇ ಊರಿನಲ್ಲಿ, ಬೆಟ್ಟದ ಬುಡದ ಕೋಟೆ ಮಾರಿಯಮ್ಮನನ್ನು ನೆಲೆಗೊಳಿಸಿದವರು ಕೋಟೆಯ ಸಿಪಾಯಿಗಳೇ ಎಂಬ ಐತಿಹ್ಯವೂ ಇದೆ. ಒಂದನ್ನು ಹೇಳಿ ಇನ್ನೊಂದನ್ನು ನುಂಗುವ ಗೈಡ್ ಸಿಕ್ಕಿದರೆ ಜಗಳ ಬೇಡ. 'ಇದು ಎಲ್ಲಿ ಬರೆದಿದೆ ಅಣ್ಣಾ, ಯಾರು ಹೇಳಿದ್ದು?' ಎಂದು ಮೆಲ್ಲಗೆ ಕೇಳಿ. ಒಳ್ಳೆಯ ಗೈಡ್ ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ.

ಇನ್ನೊಂದು ಕಥೆ ನಮ್ಮ ಬಗ್ಗೆಯೇ. ನೀವು ನಿಮ್ಮೊಳಗೆ ಕನ್ನಡ ಆಡುವುದನ್ನು ಕೇಳಿದ ಕೂಡಲೇ, 'ಓ, ನೀವು ಟಿಪ್ಪು ಕಾಲದಲ್ಲಿ ಬಂದವರು' ಎನ್ನುವವರು ಇದ್ದಾರೆ. ಕಂಬಂ ಕಣಿವೆಯ ಒಕ್ಕಲಿಗ ಕಾಪ್ಪಿಲಿಯರಿಗೂ ದಿಂಡಿಗಲ್ ಸುತ್ತಿನ ಅನುಪ್ಪರಿಗೂ ಈ ಮಾತು ಹೊಂದುವುದಿಲ್ಲ. ಹಿರಿಯರು ಹೇಳಿಕೊಂಡು ಬಂದ ವಲಸೆಯ ಕಥೆಗಳು ಹೈದರನಿಗಿಂತ ಹಿಂದಿನ ಕಾಲಕ್ಕೆ, ವಿಜಯನಗರ ಮತ್ತು ಮಧುರೆ ನಾಯಕರ ದಿನಗಳ ಕಡೆಗೆ, ಕೈ ತೋರಿಸುತ್ತವೆ. 1906ರ ಮಧುರೆ ಜಿಲ್ಲಾ ಗೆಜೆಟಿಯರಿನಲ್ಲಿ ಈ ಎರಡೂ ಜನ ಕನ್ನಡ ನುಡಿಯುವ ಬೇಸಾಯಗಾರರೆಂದೇ ದಾಖಲಾಗಿದ್ದಾರೆ. ಅಂದರೆ ಮೈಸೂರಿನ ದಂಡು ಈ ಬೆಟ್ಟ ಹತ್ತುವ ಹೊತ್ತಿಗೆ ಕೆಳಗಿನ ಹೊಲಗಳಲ್ಲಿ ಕನ್ನಡ ಆಗಲೇ ಇತ್ತು. ಇದನ್ನು ಮಕ್ಕಳ ಮುಂದೆ ಗೈಡಿಗೆ ಹೇಳಿ. ಮುಂದಿನ ಗುಂಪಿಗೆ ಅವರು ಸರಿಯಾಗಿ ಹೇಳಬಹುದು.

ಪೇಟೆಯ ಬೀದಿಗಳಲ್ಲಿ

ಬೆಟ್ಟ ಇಳಿದ ಮೇಲೆ ಬೇಗಂಪುರಕ್ಕೆ ಹೋಗಬೇಕು. ಅಲ್ಲಿಯ ದೊಡ್ಡ ಮಸೀದಿ ಹೈದರನ ಕಾಲದ್ದು, ಅಲ್ಲಿರುವ ಸಮಾಧಿ ಅವನ ತಂಗಿ ಅಮೀರುನ್ನಿಸಾ ಬೇಗಂಳದು, ಕೇರಿಗೆ ಹೆಸರು ಬಂದದ್ದೂ ಆಕೆಯಿಂದಲೇ ಎಂದು ಅಲ್ಲಿಯವರು ಹೇಳುತ್ತಾರೆ. ನಮಾಜಿನ ಹೊತ್ತು, ಅದರಲ್ಲೂ ಶುಕ್ರವಾರ ಮಧ್ಯಾಹ್ನ, ಬಿಟ್ಟು ಹೋಗಿ. ಹೆಂಗಸರು ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ಮೊದಲೇ ವಿಚಾರಿಸಲು ಗೈಡಿಗೆ ಹೇಳಿರಿ.

ಗೋಪಾಲಸಮುದ್ರದ ಕೆರೆಯ ಬಳಿ ವಿರೂಪಾಕ್ಷಿಯ ಪಾಳೆಯಗಾರ ಗೋಪಾಲ ನಾಯಕನ ಮಾತು ಬರುತ್ತದೆ. ಕಂಪನಿಯ ವಿರುದ್ಧ ಸುತ್ತಲಿನ ಪಾಳೆಯಗಾರರನ್ನು ಕೂಡಿಸಿದವನು, 1801ರಲ್ಲಿ ಗಲ್ಲಿಗೇರಿದವನು. ಶಿವಗಂಗೆಯ ರಾಣಿ ವೇಲು ನಾಚ್ಚಿಯಾರ್ 1772ರಲ್ಲಿ ಗಂಡನನ್ನು ಕಳೆದುಕೊಂಡ ಮೇಲೆ ಆಶ್ರಯ ಪಡೆದದ್ದು ಈ ಸೀಮೆಯಲ್ಲಿ. ಹೈದರನ ನೆರವಿನಿಂದ 1780ರಲ್ಲಿ ಆಕೆ ಶಿವಗಂಗೆಯನ್ನು ಮರಳಿ ಪಡೆದಳು. ಶಾಲೆಗೆ ಹೋಗುವ ಹೆಣ್ಣುಮಕ್ಕಳು ಜೊತೆಗಿದ್ದರೆ ಈ ಕಥೆಗೆ ಸಮಯ ಕೊಡಿ.

ಬೀಗದ ಕೆಲಸಗಾರರನ್ನು ನೋಡದೆ ದಿಂಡಿಗಲ್ ನಡಿಗೆ ಮುಗಿಯುವುದಿಲ್ಲ. ಕೈಯಲ್ಲೇ ಮಾಡುವ ದಿಂಡಿಗಲ್ ಬೀಗಕ್ಕೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತು. ಅಷ್ಟರಲ್ಲಿ ಯಂತ್ರದಲ್ಲಿ ತಯಾರಾಗುವ ಅಲಿಗಢದ ಬೀಗಗಳು ಪೇಟೆಯನ್ನು ತುಂಬಿ, ಕೆಲಸಗಾರರ ಮಕ್ಕಳು ಬೇರೆ ಕೆಲಸ ಹಿಡಿದಿದ್ದರು. ಮಾವಿನಕಾಯಿ ಆಕಾರದ ಬೀಗ, ತಮಿಳಿನಲ್ಲಿ ಮಾಂಗಾ ಪೂಟ್ಟು, ಇಲ್ಲಿಯ ಹಳೆಯ ಮಾದರಿ. ಕೆಲಸ ನಡೆಯುವ ಪಟ್ಟಡಿಗೆ ಕರೆದುಕೊಂಡು ಹೋಗುವಂತೆ ಗೈಡನ್ನು ಕೇಳಿ. ಅಲ್ಲಿ ನಿಂತು ಕೆಲಸ ಕೆಡಿಸಿದ್ದಕ್ಕಾದರೂ ಒಂದು ಬೀಗ ಕೊಂಡುಕೊಳ್ಳುವುದು ಮರ್ಯಾದೆ. 19ನೇ ಶತಮಾನದ ಸಂತ ಜೋಸೆಫರ ಚರ್ಚು ಬಿಡುವಿದ್ದರೆ ನೋಡಿ. ಮಧ್ಯಾಹ್ನಕ್ಕೆ ಜೀರಗ ಸಾಂಬ ಅಕ್ಕಿಯ ಬಿರಿಯಾನಿ ಇದ್ದೇ ಇದೆ, ಅದಕ್ಕೆ ಗೈಡ್ ಬೇಕಿಲ್ಲ.

ಹೋಗಿ ಬರುವುದು

ಕಂಬಂನಿಂದ ತೇನಿ, ಪೆರಿಯಕುಳಂ, ವತ್ತಲಗುಂಡು ಮೂಲಕ ಬಸ್ಸು. ಮುಂಜಾನೆ ಕತ್ತಲಲ್ಲೇ ಹೊರಟರೆ ಮಾತ್ರ ಬಿಸಿಲಿಗೆ ಮೊದಲು ಬೆಟ್ಟ ಹತ್ತಬಹುದು, ಇಲ್ಲವಾದರೆ ಹಿಂದಿನ ರಾತ್ರಿ ಹೋಗಿ ತಂಗುವುದು ವಾಸಿ. ತೇನಿಗೆ 2022ರಲ್ಲಿ, ಬೋಡಿಗೆ 2023ರಲ್ಲಿ ರೈಲು ಮರಳಿ ಬಂದರೂ ಅದು ಮಧುರೆಗೆ ಹೋಗುವ ದಾರಿ. ದಿಂಡಿಗಲ್ಲಿಗೆ ಸುತ್ತು. ಸಂಜೆ ಹೊತ್ತು ಉಳಿದರೆ ಹನ್ನೊಂದು ಕಿಲೋಮೀಟರು ದೂರದ ಚಿನ್ನಾಳಪಟ್ಟಿಗೆ ಹೋಗಿ ಸೀರೆ ನೋಡಬಹುದು. ನೇಯುವ ದೇವಾಂಗರ ಮನೆಗಳಲ್ಲಿ ಕಿವಿಗೊಟ್ಟರೆ ತಮಿಳಲ್ಲದ ಮಾತೂ ಕೇಳೀತು.

ಗುಂಪಿನಲ್ಲಿ ಹತ್ತಲಾಗದ ಅಜ್ಜ ಅಜ್ಜಿ ಇದ್ದರೆ ಅವರನ್ನು ಬುಡದಲ್ಲಿ ಬಿಸಿಲಿಗೆ ಕೂರಿಸಬೇಡಿ. ಅಭಿರಾಮಿ ಅಮ್ಮನ ಗುಡಿಯಲ್ಲಿ ಬಿಟ್ಟು, ಇಳಿದ ಮೇಲೆ ಆಟೋದಲ್ಲಿ ಕರೆದುಕೊಂಡು ಪೇಟೆಯ ನಡಿಗೆಗೆ ಸೇರಿಸಿಕೊಳ್ಳಿ. ಗೈಡಿಗೆ ಉಳಿದ ಹಣ ಕೊಡುವುದು ಎಲ್ಲ ಮುಗಿದ ಮೇಲೆಯೇ. ಚೆನ್ನಾಗಿ ಹೇಳಿದವರ ನಂಬರನ್ನು ಊರಿನ ಶಾಲೆಯ ಮೇಷ್ಟರಿಗೆ ಕೊಟ್ಟರೆ ಮಕ್ಕಳ ಪ್ರವಾಸಕ್ಕೆ ಉಪಯೋಗಕ್ಕೆ ಬರುತ್ತದೆ.